ಹಳೆಯ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ: ಒಡೆತನ, ನಿರ್ವಹಣೆ ಮತ್ತು ಲೆಕ್ಕಾಚಾರ

ಘಟಪ್ರಭಾ ನದಿಗೆ ಅಡ್ಡಲಾಗಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಬಳಿ ನಿರ್ಮಿಸಲಾಗಿರುವ ರಾಜಾ ಲಖಮಗೌಡ ಜಲಾಶಯದ ಸುತ್ತಲಿನ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಛಾಯಾಚಿತ್ರವನ್ನು ಅವಲಂಬಿಸಿದ ವ್ಯವಹಾರಗಳು ಮೇಲ್ನೋಟಕ್ಕೆ ತೋರುವುದಕ್ಕಿಂತ ಹೆಚ್ಚಾಗಿವೆ. ಪ್ರತಿ ಪೇಟೆಯಲ್ಲಿಯೂ ಮದುವೆ, ಸೀಮಂತ, ಶಾಲಾ ಸಮಾರಂಭಗಳನ್ನು ಚಿತ್ರೀಕರಿಸುವ ಸ್ಟುಡಿಯೋಗಳಿವೆ. ಗೋಕಾಕದ ಕರದಂಟು ತಯಾರಕರಿಗೆ ಡಬ್ಬಿಯ ಮೇಲಿನ ಚಿತ್ರ ಬೇಕು. ಬಣ್ಣದ ಗೊಂಬೆಗಳನ್ನು ಮಾಡುವವರಿಗೆ ಹೊರ ಊರಿನ ಗಿರಾಕಿಗೆ ಕಳುಹಿಸುವ ಮಾದರಿ ಚಿತ್ರ ಬೇಕು. ಕೃಷಿ ಉಪಕರಣ ತಯಾರಿಸುವವರಿಗೆ ದರಪಟ್ಟಿಯ ಜೊತೆಗೆ ಲಗತ್ತಿಸುವ ಚಿತ್ರ ಬೇಕು. ಇವರಲ್ಲಿ ಅನೇಕರ ಬಳಿ ಹತ್ತು ಹದಿನೈದು ವರ್ಷಗಳ ಹಿಂದೆ ಕೊಂಡ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಕಪಾಟಿನಲ್ಲಿ ಇಂದಿಗೂ ಇದೆ. ಅದನ್ನು ಬಂಡವಾಳವೆಂದು ಕಾಯ್ದುಕೊಳ್ಳಬೇಕೋ, ಬಂದ ಬೆಲೆಗೆ ಮಾರಬೇಕೋ ಎಂಬ ಪ್ರಶ್ನೆಗೆ ಉತ್ತರ ಕ್ಯಾಮೆರಾದ ವಯಸ್ಸಿನಲ್ಲಿಲ್ಲ. ಅದನ್ನು ಇಟ್ಟುಕೊಂಡ ರೀತಿಯಲ್ಲಿದೆ. ಆ ಲೆಕ್ಕಾಚಾರಕ್ಕೆ ಬೇಕಾದ ಅಂಶಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಯಾವುದು ಹಳೆಯದು?

ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಒಂದು ಕನ್ನಡಿ ಇರುತ್ತದೆ. ಲೆನ್ಸಿನ ಮೂಲಕ ಬಂದ ಬೆಳಕನ್ನು ಅದು ಮೇಲಕ್ಕೆ ಪ್ರತಿಫಲಿಸಿ ಕಿಂಡಿಯಲ್ಲಿ ಕಾಣುವಂತೆ ಮಾಡುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಶಟರ್ ತೆರೆಯುತ್ತದೆ, ಬೆಳಕು ಸೆನ್ಸರ್ ಮೇಲೆ ಬೀಳುತ್ತದೆ. ಅಂದರೆ ಇದು ಅರ್ಧ ಯಂತ್ರ, ಅರ್ಧ ಎಲೆಕ್ಟ್ರಾನಿಕ್ ಸಾಧನ. ನಿರ್ವಹಣೆಯೂ ಎರಡು ಬಗೆಯದು.

2003ರಲ್ಲಿ ಬಂದ ಕ್ಯಾನನ್ ಇಒಎಸ್ 300ಡಿ ಮತ್ತು 2004ರಲ್ಲಿ ಬಂದ ನಿಕಾನ್ ಡಿ70 ಮಾದರಿಗಳು ಈ ಬಗೆಯ ಕ್ಯಾಮೆರಾವನ್ನು ಸಾಮಾನ್ಯ ಸ್ಟುಡಿಯೋಗಳ ಕೈಗೆ ಎಟುಕಿಸಿದವು. 2008ರ ನಿಕಾನ್ ಡಿ90 ವಿಡಿಯೋ ಚಿತ್ರೀಕರಿಸಬಲ್ಲ ಮೊದಲ ಡಿಜಿಟಲ್ ಎಸ್‌ಎಲ್‌ಆರ್ ಆಗಿತ್ತು. 2018ರಲ್ಲಿ ಈ ಎರಡೂ ಕಂಪನಿಗಳು ಪೂರ್ಣ ಅಳತೆಯ ಸೆನ್ಸರ್ ಇರುವ ಕನ್ನಡಿರಹಿತ ಕ್ಯಾಮೆರಾಗಳನ್ನು ಹೊರತಂದವು. 2020ರ ನಂತರ ಎರಡೂ ಕಂಪನಿಗಳಿಂದ ಹೊಸ ಎಸ್‌ಎಲ್‌ಆರ್ ಮಾದರಿ ಬಂದಿಲ್ಲ. ಹೀಗಾಗಿ ವ್ಯಾಪಾರಸ್ಥರ ಬಳಿ ಇರುವ ಎಸ್‌ಎಲ್‌ಆರ್ ಇನ್ನು ಮುಂದೆ ಹಳೆಯದಾಗುತ್ತಲೇ ಹೋಗುತ್ತದೆ. ಆದರೆ ಹಳೆಯದು ಎಂಬುದೂ ನಿರುಪಯುಕ್ತ ಎಂಬುದೂ ಒಂದೇ ಅಲ್ಲ.

ಚಿತ್ರದ ಗುಣಮಟ್ಟ ಸಾಲುತ್ತದೆಯೇ?

ಮೆಗಾಪಿಕ್ಸೆಲ್ ಸಂಖ್ಯೆಯನ್ನು ನೋಡಿ ಹಳೆಯ ಕ್ಯಾಮೆರಾವನ್ನು ತಿರಸ್ಕರಿಸುವುದು ಸಾಮಾನ್ಯ. ಮುದ್ರಣದ ಲೆಕ್ಕ ಬೇರೆಯೇ ಇದೆ. ಉತ್ತಮ ಮುದ್ರಣಕ್ಕೆ ಒಂದು ಅಂಗುಲಕ್ಕೆ 300 ಬಿಂದುಗಳು ಸಾಕೆಂದು ಮುದ್ರಣಾಲಯದವರು ಹೇಳುತ್ತಾರೆ. 300ಡಿ ಕ್ಯಾಮೆರಾದ ಚಿತ್ರ 3072 × 2048 ಬಿಂದುಗಳದ್ದು. ಅದರಿಂದ ಸುಮಾರು 10 × 6.8 ಅಂಗುಲದ ಮುದ್ರಣ ಸಾಧ್ಯ. ಡಿ90 ಕ್ಯಾಮೆರಾದ 4288 × 2848 ಬಿಂದುಗಳಿಂದ ಸುಮಾರು 14 × 9.5 ಅಂಗುಲದ ಮುದ್ರಣ ಸಾಧ್ಯ. ಕರದಂಟಿನ ಡಬ್ಬಿಯ ಮುಚ್ಚಳಕ್ಕೆ, ಕೈಪಿಡಿಗೆ, ಮದುವೆ ಆಲ್ಬಮ್ಮಿನ ಸಾಮಾನ್ಯ ಪುಟಕ್ಕೆ ಇದು ಧಾರಾಳ.

ಹಳೆಯ ಕ್ಯಾಮೆರಾ ಸೋಲುವುದು ಮಂದ ಬೆಳಕಿನಲ್ಲಿ. ರಾತ್ರಿಯ ಅರತಕ್ಷತೆ, ದೇವಸ್ಥಾನದ ಗರ್ಭಗುಡಿ, ಒಳಾಂಗಣದ ನಾಟಕ ಮುಂತಾದೆಡೆ ಐಎಸ್‌ಒ ಏರಿಸಿದಂತೆಲ್ಲ ಚಿತ್ರದಲ್ಲಿ ಕಾಳುಕಾಳಾದ ಕಲೆಗಳು ಹೆಚ್ಚುತ್ತವೆ. ಮೇಜಿನ ಮೇಲೆ ವಸ್ತುವನ್ನಿಟ್ಟು, ಎರಡು ದೀಪಗಳನ್ನು ಹಚ್ಚಿ, ಮುಕ್ಕಾಲಿಯ ಮೇಲೆ ಕ್ಯಾಮೆರಾ ಇರಿಸಿ ತೆಗೆಯುವ ಚಿತ್ರದಲ್ಲಿ ಈ ದೋಷಕ್ಕೆ ಅವಕಾಶವೇ ಇಲ್ಲ. ಆದುದರಿಂದ ತಯಾರಕರಿಗೆ ಹಳೆಯ ಕ್ಯಾಮೆರಾ ಲಾಭದಾಯಕ. ರಾತ್ರಿ ಸಮಾರಂಭಗಳ ಸ್ಟುಡಿಯೋಗೆ ಅದು ಎರಡನೆಯ ಕ್ಯಾಮೆರಾ ಆಗಿರುವುದೇ ಲೇಸು.

ಮೊದಲ ಶತ್ರು ತೇವ

ಪಶ್ಚಿಮ ಘಟ್ಟಕ್ಕೆ ಸಮೀಪವಿರುವ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ಹೆಚ್ಚು. ಮಳೆ ಗೋಕಾಕದ ಪೇಟೆಯಲ್ಲಿ ಬೀಳದ ದಿನವೂ ಕಪಾಟಿನೊಳಗಿನ ಗಾಳಿ ಒಣಗಿರುವುದಿಲ್ಲ. ಗಾಳಿಯ ತೇವಾಂಶ ಶೇ. 60ನ್ನು ಮೀರಿ ಬಹುಕಾಲ ಉಳಿದರೆ ಲೆನ್ಸಿನ ಗಾಜಿನ ಮೇಲೆ ಬೂಷ್ಟು ಬೆಳೆಯುವ ಸಂಭವವಿರುತ್ತದೆ. ಮೊದಲು ಜೇಡರ ಬಲೆಯ ಎಳೆಯಂತೆ ಕಾಣುವ ಇದು ಗಾಜಿನ ಲೇಪನವನ್ನೇ ಕೊರೆಯುತ್ತದೆ. ಆ ಹಂತ ತಲುಪಿದ ಮೇಲೆ ಬೂಷ್ಟನ್ನು ತೆಗೆದರೂ ಕಲೆ ಉಳಿಯುತ್ತದೆ. ಲೆನ್ಸಿನ ಮಾರಾಟ ಬೆಲೆ ಕುಸಿಯುತ್ತದೆ.

ಇದನ್ನು ತಡೆಯಲು ಹೆಚ್ಚಿನ ಖರ್ಚು ಬೇಕಿಲ್ಲ. ವಿದ್ಯುತ್ತಿನಿಂದ ನಡೆಯುವ ಒಣ ಕಪಾಟು ಉತ್ತಮ. ಅದು ಇಲ್ಲದವರು ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಚಿಕ್ಕ ಮಾಪಕ, ಇಷ್ಟರಿಂದಲೇ ಕೆಲಸ ಸಾಧಿಸಬಹುದು. ಮಾಪಕ ಶೇ. 40ರಿಂದ 50ರ ನಡುವೆ ಇದ್ದರೆ ಸಾಕು. ತೀರಾ ಒಣಗಿಸಿದರೆ ಲೆನ್ಸಿನ ಒಳಗಿನ ಗ್ರೀಸ್ ಮತ್ತು ರಬ್ಬರ್ ಕೆಡುತ್ತವೆ. ಸಿಲಿಕಾ ಜೆಲ್ ತೇವ ಹೀರಿ ಬಣ್ಣ ಬದಲಿಸಿದಾಗ ಎಸೆಯಬೇಕಿಲ್ಲ. ಸುಮಾರು 120 ಡಿಗ್ರಿ ಉಷ್ಣತೆಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಬಣ್ಣ ಬದಲಿಸುವ ಕಾಳುಗಳಲ್ಲಿ ವಿಷಕಾರಿ ರಾಸಾಯನಿಕ ಇರಬಹುದಾದ್ದರಿಂದ ಅಡುಗೆಗೆ ಬಳಸುವ ಪಾತ್ರೆಯಲ್ಲಿ ಕಾಯಿಸಬಾರದು.

ಇಲ್ಲಿ ರೂಢಿಯಲ್ಲಿರುವ ಎರಡು ತಪ್ಪುಗಳನ್ನು ಗಮನಿಸಬೇಕು. ಮೊದಲನೆಯದು, ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿಯೇ ವರ್ಷಗಟ್ಟಲೆ ಇಡುವುದು. ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡನೆಯದು, ಬಟ್ಟೆಯ ಕಪಾಟಿನಲ್ಲಿ ಡಾಂಬರು ಗುಳಿಗೆ ಅಥವಾ ಕರ್ಪೂರದ ಜೊತೆಗೆ ಇಡುವುದು. ಇದನ್ನು ಮಾಡಬಾರದೆಂದು ಕ್ಯಾಮೆರಾದ ಕೈಪಿಡಿಗಳಲ್ಲಿಯೇ ಎಚ್ಚರಿಸಲಾಗಿರುತ್ತದೆ. ಬೂಷ್ಟು ಹಿಡಿದ ಲೆನ್ಸನ್ನು ಉಳಿದವುಗಳಿಂದ ಬೇರೆ ಇಡಬೇಕು. ಹೊರ ಗಾಜಿನ ಮೇಲಿನ ಬೂಷ್ಟನ್ನು ಮಾಲೀಕರೇ ಒರೆಸಬಹುದು. ಒಳಗೆ ಹೋಗಿದ್ದರೆ ಲೆನ್ಸ್ ಬಿಚ್ಚುವ ಕೆಲಸ ತಜ್ಞರದು.

ಮಳೆಗಾಲದಲ್ಲಿ ಗೋಕಾಕ ಜಲಪಾತದ ಬಳಿ ಚಿತ್ರ ತೆಗೆಯುವವರು ಇನ್ನೊಂದು ಎಚ್ಚರಿಕೆ ವಹಿಸಬೇಕು. ಸುಮಾರು 52 ಮೀಟರ್ ಎತ್ತರದಿಂದ ಬೀಳುವ ನೀರಿನ ತುಂತುರು ದೂರದವರೆಗೆ ಹಾರುತ್ತದೆ. ಕಡಿಮೆ ಬೆಲೆಯ ಹಳೆಯ ಮಾದರಿಗಳಲ್ಲಿ ನೀರು ತಡೆಯುವ ಅಂಚುಪಟ್ಟಿಗಳಿಲ್ಲ. ಒಣ ಬಟ್ಟೆಯಿಂದ ಒರೆಸಿ, ಬ್ಯಾಟರಿ ತೆಗೆದು, ಮನೆಗೆ ಬಂದೊಡನೆ ಒಣ ಡಬ್ಬಿಯಲ್ಲಿ ಇಡುವುದು ಅವಶ್ಯ. ಹವಾನಿಯಂತ್ರಿತ ಅಂಗಡಿಯಿಂದ ಹೊರಗಿನ ಬಿಸಿ ಗಾಳಿಗೆ ಒಯ್ಯುವಾಗ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟು, ಅದು ಹೊರಗಿನ ಉಷ್ಣತೆಗೆ ಹೊಂದಿಕೊಂಡ ಮೇಲೆ ತೆರೆದರೆ ಒಳಗೆ ಬೆವರು ಕಟ್ಟುವುದಿಲ್ಲ.

ಎರಡನೆಯ ಶತ್ರು ಧೂಳು

ಕಬ್ಬು ನುರಿಸುವ ಹಂಗಾಮಿನಲ್ಲಿ ಈ ಮೂರೂ ತಾಲ್ಲೂಕುಗಳ ರಸ್ತೆಗಳು ಕಬ್ಬು ತುಂಬಿದ ಟ್ರ್ಯಾಕ್ಟರುಗಳಿಂದ ಧೂಳುಮಯವಾಗುತ್ತವೆ. ಜಾತ್ರೆಗಳಲ್ಲಿ ಭಂಡಾರದ ಅರಿಷಿಣ ಪುಡಿ ಗಾಳಿಯಲ್ಲಿ ತುಂಬಿರುತ್ತದೆ. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೋದ ಪ್ರತಿ ಛಾಯಾಗ್ರಾಹಕನಿಗೂ ಇದು ಗೊತ್ತು. ಈ ನುಣುಪಾದ ಪುಡಿ ಲೆನ್ಸಿನ ತಿರುಗುವ ಉಂಗುರಗಳ ಸಂದಿಯಲ್ಲಿ ಸೇರಿದರೆ ಹೊರಬರುವುದು ಕಷ್ಟ. ಅಂತಹ ಸ್ಥಳದಲ್ಲಿ ಲೆನ್ಸ್ ಬದಲಿಸಲೇಬಾರದು. ಒಂದೇ ಜೂಮ್ ಲೆನ್ಸಿನಿಂದ ಕೆಲಸ ಮುಗಿಸಿ, ಪಾರದರ್ಶಕ ಫಿಲ್ಟರ್ ಹಾಕಿ, ಕ್ಯಾಮೆರಾದ ಮೇಲೆ ಪ್ಲಾಸ್ಟಿಕ್ ಹೊದಿಕೆ ಕಟ್ಟಬೇಕು.

ಸೆನ್ಸರ್ ಮೇಲೆ ಧೂಳು ಕುಳಿತಿದೆಯೇ ಎಂಬುದನ್ನು ತಿಳಿಯುವುದು ಸುಲಭ. ಅಪರ್ಚರನ್ನು ಎಫ್/16 ಅಥವಾ ಎಫ್/22ಕ್ಕೆ ಇಟ್ಟು ಬಿಳಿ ಗೋಡೆಯ ಅಥವಾ ನಿರ್ಮಲ ಆಕಾಶದ ಚಿತ್ರ ತೆಗೆದು ಗಣಕಯಂತ್ರದಲ್ಲಿ ದೊಡ್ಡದಾಗಿಸಿ ನೋಡಿದರೆ ಧೂಳು ಬೂದು ಚುಕ್ಕೆಯಾಗಿ ಕಾಣುತ್ತದೆ. ಸ್ವಚ್ಛಗೊಳಿಸಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಮೆನುವಿನಲ್ಲಿರುವ ಕನ್ನಡಿ ಎತ್ತುವ ವ್ಯವಸ್ಥೆಯನ್ನು ಬಳಸಿ, ಕ್ಯಾಮೆರಾದ ಬಾಯಿಯನ್ನು ಕೆಳಮುಖವಾಗಿ ಹಿಡಿದು ರಬ್ಬರ್ ಬುಗ್ಗೆಯಿಂದ ಗಾಳಿ ಊದಬೇಕು. ಬಾಯಿಯಿಂದ ಊದಿದರೆ ಎಂಜಲು ಸಿಡಿಯುತ್ತದೆ. ಒತ್ತಡದ ಗಾಳಿಯ ಡಬ್ಬಿಯಿಂದ ದ್ರವ ಚಿಮ್ಮುತ್ತದೆ. ಕೆಲಸದ ನಡುವೆ ಬ್ಯಾಟರಿ ಮುಗಿದರೆ ಕನ್ನಡಿ ಬಿದ್ದು ಪೆಟ್ಟಾಗುವ ಸಂಭವವಿರುವುದರಿಂದ ಪೂರ್ತಿ ಚಾರ್ಜ್ ಎಂಬ ನಿಯಮವನ್ನು ಕಡೆಗಣಿಸಬಾರದು. ಬುಗ್ಗೆಯಿಂದ ಹೋಗದ ಕಲೆಗೆ ಸೆನ್ಸರ್ ಅಗಲಕ್ಕೆ ತಕ್ಕ ವಿಶೇಷ ಪಟ್ಟಿಗಳಿವೆ. ರೂಢಿಯಿಲ್ಲದವರು ಅದನ್ನು ಸೇವಾ ಕೇಂದ್ರಕ್ಕೇ ಬಿಡುವುದು ಕ್ಷೇಮ.

ಬ್ಯಾಟರಿ ಮತ್ತು ಮೆಮರಿ ಕಾರ್ಡ್

ಹಳೆಯ ಕ್ಯಾಮೆರಾದ ಆಯುಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುವುದು ಬ್ಯಾಟರಿಯ ಲಭ್ಯತೆ. ಲಿಥಿಯಂ ಬ್ಯಾಟರಿ ಬಳಸದಿದ್ದರೂ ವರ್ಷಗಳು ಕಳೆದಂತೆ ಕ್ಷೀಣಿಸುತ್ತದೆ. ಆದುದರಿಂದ ಹಳೆಯ ದಾಸ್ತಾನಿನ 'ಹೊಸ' ಬ್ಯಾಟರಿಯನ್ನು ಕೊಳ್ಳುವಾಗ ತಯಾರಿಕೆಯ ದಿನಾಂಕವನ್ನು ನೋಡಬೇಕು. ಕ್ಯಾನನ್ನಿನ ಎಲ್‌ಪಿ-ಇ6 ಮತ್ತು ನಿಕಾನ್‌ನ ಇಎನ್-ಇಎಲ್15 ಕುಟುಂಬದ ಬ್ಯಾಟರಿಗಳು ಕನ್ನಡಿರಹಿತ ಕ್ಯಾಮೆರಾಗಳಲ್ಲಿಯೂ ಮುಂದುವರಿದುದರಿಂದ ಆ ಮಾದರಿಗಳನ್ನು ಬಳಸುವ ಹಳೆಯ ಕ್ಯಾಮೆರಾಗಳಿಗೆ ಅನುಕೂಲ ಹೆಚ್ಚು. ಡಿ80, ಡಿ90, ಡಿ300 ಮೊದಲಾದವುಗಳ ಇಎನ್-ಇಎಲ್3ಇ ಬ್ಯಾಟರಿಗೆ ಆ ಅನುಕೂಲವಿಲ್ಲ. ಬಹುಕಾಲ ಬಳಸದೆ ಇಡುವಾಗ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿ, ಕ್ಯಾಮೆರಾದಿಂದ ಹೊರತೆಗೆದು ತಂಪಾದ ಜಾಗದಲ್ಲಿ ಇಡಬೇಕು. ಉಬ್ಬಿದ ಬ್ಯಾಟರಿಯನ್ನು ಒಂದು ದಿನವೂ ಬಳಸಬಾರದು. ಅದು ಬೆಂಕಿಗೆ ಕಾರಣವಾದೀತು.

ಕ್ಯಾಮೆರಾದ ಒಳಗೆ ಗಡಿಯಾರಕ್ಕಾಗಿ ಇನ್ನೊಂದು ಚಿಕ್ಕ ಬ್ಯಾಟರಿ ಇರುತ್ತದೆ. ಪ್ರತಿ ಸಲ ದಿನಾಂಕ ಕೇಳುತ್ತಿದ್ದರೆ ಅದು ಮುಗಿದಿದೆ ಎಂದರ್ಥ. ಸರಕು ಹಾನಿಯ ಚಿತ್ರವನ್ನು ವಿಮಾ ಕಂಪನಿಗೆ ಅಥವಾ ಸಾಗಣೆದಾರರಿಗೆ ಕಳುಹಿಸುವ ವ್ಯಾಪಾರಸ್ಥರಿಗೆ ತಪ್ಪು ದಿನಾಂಕ ತೊಂದರೆ ತರಬಲ್ಲದು.

ಕಾರ್ಡುಗಳಲ್ಲಿಯೂ ಮಿತಿಗಳಿವೆ. 2005ರ ನಿಕಾನ್ ಡಿ50ಯಂತಹ ಕ್ಯಾಮೆರಾ ಎಸ್‌ಡಿಎಚ್‌ಸಿ ಕಾರ್ಡುಗಳನ್ನೇ ಓದುವುದಿಲ್ಲ. ಡಿ90 ಎಸ್‌ಡಿಎಚ್‌ಸಿ ಕಾರ್ಡುಗಳನ್ನು ಓದುತ್ತದೆ. ಅವುಗಳ ಮಿತಿ 32 ಜಿಬಿ. ಇನ್ನು ಕೆಲವು ಮಾದರಿಗಳಿಗೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಬೇಕು. ಅದನ್ನು ಓರೆಯಾಗಿ ತುರುಕಿದರೆ ಒಳಗಿನ ಸೂಜಿಗಳು ಬಾಗಿ ಕ್ಯಾಮೆರಾ ದುರಸ್ತಿಗೆ ಹೋಗುತ್ತದೆ. ಹತ್ತು ವರ್ಷದ ಹಳೆಯ ಕಾರ್ಡನ್ನು ಮಹತ್ವದ ಕೆಲಸಕ್ಕೆ ನಂಬುವುದು ಸಲ್ಲದು. ಮದುವೆಯಲ್ಲಿ ಅಕ್ಕಿಕಾಳು ಬೀಳುವ ಗಳಿಗೆ ಎರಡನೆಯ ಬಾರಿ ಬರುವುದಿಲ್ಲ. ಒಂದು ಕಾರ್ಡ್ ಕೆಟ್ಟು ಆ ಚಿತ್ರ ಹೋದರೆ ಸ್ಟುಡಿಯೋದವರು ಹಣ ಹಿಂದಿರುಗಿಸಬಹುದು, ಊರಿನಲ್ಲಿ ಗಳಿಸಿದ ಹೆಸರನ್ನು ಹಿಂದಕ್ಕೆ ಪಡೆಯಲಾರರು. ಹೊಸ ಕಾರ್ಡುಗಳನ್ನು ಬಳಸುವುದು, ಒಂದೇ ದೊಡ್ಡ ಕಾರ್ಡಿನ ಬದಲು ಎರಡು ಮೂರು ಚಿಕ್ಕ ಕಾರ್ಡುಗಳಲ್ಲಿ ಹಂಚುವುದು, ಅದೇ ರಾತ್ರಿ ಎರಡು ಕಡೆ ಪ್ರತಿ ಮಾಡುವುದು, ಇವು ಅತ್ಯಂತ ಅಗ್ಗದ ವಿಮೆ.

ಶಟರ್ ಎಷ್ಟು ಕಾಲ ಬಾಳುತ್ತದೆ?

ತಯಾರಕರು ಶಟರಿಗೆ ಒಂದು ಅಂದಾಜು ಸಂಖ್ಯೆಯನ್ನು ಕೊಡುತ್ತಾರೆ. ಡಿ90ಕ್ಕೆ ಅದು 1,00,000. ನಿಕಾನ್ ಡಿ7000 ಮತ್ತು ಕ್ಯಾನನ್ 5ಡಿ ಮಾರ್ಕ್ 2ಕ್ಕೆ 1,50,000. ಆ ಸಂಖ್ಯೆ ತಲುಪಿದ ದಿನವೇ ಶಟರ್ ನಿಲ್ಲುತ್ತದೆ ಎಂದಲ್ಲ. ಮುಂಚೆಯೂ ಕೆಡಬಹುದು, ಬಹುಕಾಲದ ನಂತರವೂ ನಡೆಯಬಹುದು. ಆದರೂ ಲೆಕ್ಕಕ್ಕೆ ಅದು ಉಪಯುಕ್ತ.

ಒಂದು ಮದುವೆಗೆ 1,500 ಚಿತ್ರ ತೆಗೆಯುವ ಸ್ಟುಡಿಯೋ 1,00,000 ಚಿತ್ರಗಳನ್ನು ಸುಮಾರು 66 ಮದುವೆಗಳಲ್ಲಿ ಮುಗಿಸುತ್ತದೆ. ಅದು ಎರಡು ಮೂರು ಹಂಗಾಮುಗಳ ಕೆಲಸ. ತಿಂಗಳಿಗೆ 200 ಚಿತ್ರ ತೆಗೆಯುವ ತಯಾರಕರಿಗೆ ಅದೇ ಸಂಖ್ಯೆ ತಲುಪಲು 40 ವರ್ಷಗಳಿಗೂ ಹೆಚ್ಚು ಬೇಕು. ಅಂದರೆ ತಯಾರಕರ ಕ್ಯಾಮೆರಾವನ್ನು ಶಟರ್ ಕೊಲ್ಲುವುದಿಲ್ಲ. ಕಪಾಟಿನ ತೇವ ಮತ್ತು ಸಿಗದ ಬ್ಯಾಟರಿ ಕೊಲ್ಲುತ್ತವೆ. ಹೆಚ್ಚು ಬಳಸುವವರು ಶಟರನ್ನೂ, ಕಡಿಮೆ ಬಳಸುವವರು ಸಂಗ್ರಹವನ್ನೂ ಗಮನಿಸಬೇಕೆಂಬುದು ಇದರ ತಾತ್ಪರ್ಯ. ಬಳಕೆ ಕಡಿಮೆಯಿದ್ದರೂ ತಿಂಗಳಿಗೊಮ್ಮೆ ಕ್ಯಾಮೆರಾ ಹೊರತೆಗೆದು ನಾಲ್ಕಾರು ಚಿತ್ರ ತೆಗೆದು, ಲೆನ್ಸಿನ ಉಂಗುರಗಳನ್ನು ತಿರುಗಿಸಿ ಇಡುವುದು ಒಳ್ಳೆಯದು.

ಬಳಸಿದ ಕ್ಯಾಮೆರಾ ಕೊಳ್ಳುವಾಗ

ಸ್ಟುಡಿಯೋಗಳು ಹೊಸ ಕ್ಯಾಮೆರಾಗಳಿಗೆ ಬದಲಾಗುತ್ತಿರುವುದರಿಂದ ಬಳಸಿದ ಎಸ್‌ಎಲ್‌ಆರ್‌ಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಕೊಳ್ಳುವ ಮೊದಲು ಈ ಅಂಶಗಳನ್ನು ಪರೀಕ್ಷಿಸಬೇಕು:

1. ಲೆನ್ಸಿನ ಹಿಂದಿನಿಂದ ಟಾರ್ಚ್ ಬೆಳಕು ಹಾಯಿಸಿ ಬೂಷ್ಟು, ಗೀರು, ಮಬ್ಬು ಇವೆಯೇ ನೋಡಬೇಕು.

2. ಶಟರ್ ಸಂಖ್ಯೆಯನ್ನು ಕೇಳಬೇಕು. ನಿಕಾನ್ ಕ್ಯಾಮೆರಾಗಳು ಅದನ್ನು ಚಿತ್ರದ ಕಡತದಲ್ಲಿಯೇ ಬರೆದಿಡುತ್ತವೆ; ಕ್ಯಾನನ್ನಿನ ಹೆಚ್ಚಿನ ಮಾದರಿಗಳಲ್ಲಿ ಅದನ್ನು ಬೇರೆ ವಿಧಾನದಿಂದ ಪಡೆಯಬೇಕಾಗುತ್ತದೆ.

3. ಅತಿ ವೇಗದ ಶಟರಿನಲ್ಲಿ ಬಿಳಿ ಗೋಡೆಯ ಚಿತ್ರ ತೆಗೆದು, ಒಂದು ಅಂಚು ಕಪ್ಪಾಗಿದೆಯೇ ನೋಡಬೇಕು. ಕಪ್ಪಾಗಿದ್ದರೆ ಶಟರ್ ದುರ್ಬಲವಾಗಿದೆ.

4. ಹಿಡಿಕೆಯ ರಬ್ಬರ್ ಉಬ್ಬಿದೆಯೇ, ಅಂಟಂಟಾಗಿದೆಯೇ, ಫ್ಲ್ಯಾಶ್ ಕೂರುವ ಜಾಗ ಸಡಿಲವಾಗಿದೆಯೇ ಪರೀಕ್ಷಿಸಬೇಕು.

5. ಲೆನ್ಸ್ ಹೊಂದಾಣಿಕೆಯನ್ನು ಖಚಿತಪಡಿಸಿಕೊಳ್ಳಬೇಕು. ನಿಕಾನ್ ಡಿ40, ಡಿ3000, ಡಿ5000 ಸರಣಿಯ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಮೋಟಾರಿಲ್ಲದ ಹಳೆಯ ಲೆನ್ಸುಗಳು ಅವುಗಳಲ್ಲಿ ತಾವಾಗಿಯೇ ಫೋಕಸ್ ಆಗುವುದಿಲ್ಲ.

6. ಕ್ರಮಸಂಖ್ಯೆ ನಮೂದಿಸಿದ ರಸೀದಿಯನ್ನು ತಪ್ಪದೆ ಪಡೆಯಬೇಕು. ಕಳವಿನ ಮಾಲೆಂಬ ಆರೋಪದಿಂದ ಕೊಂಡವರನ್ನು ಕಾಪಾಡುವುದು ಈ ಒಂದು ಕಾಗದವೇ.

ಹಣ ಹೂಡುವಲ್ಲಿ ಕ್ಯಾಮೆರಾಗಿಂತ ಲೆನ್ಸಿಗೆ ಆದ್ಯತೆ ಇರಲಿ. ಕ್ಯಾನನ್ನಿನ 1987ರಿಂದೀಚಿನ ಇಎಫ್ ಲೆನ್ಸುಗಳು ಅಡಾಪ್ಟರಿನ ನೆರವಿನಿಂದ ಅದೇ ಕಂಪನಿಯ ಹೊಸ ಕನ್ನಡಿರಹಿತ ಕ್ಯಾಮೆರಾಗಳಲ್ಲಿಯೂ ಕೆಲಸ ಮಾಡುತ್ತವೆ. ನಿಕಾನ್‌ನಲ್ಲಿಯೂ ಇಂತಹ ಅಡಾಪ್ಟರ್ ಇದೆ. ಆದರೆ ಮೋಟಾರಿಲ್ಲದ ಲೆನ್ಸುಗಳಲ್ಲಿ ಫೋಕಸನ್ನು ಕೈಯಿಂದಲೇ ಹೊಂದಿಸಬೇಕಾಗುತ್ತದೆ.

ಲೆಕ್ಕಪುಸ್ತಕದಲ್ಲಿ ಕ್ಯಾಮೆರಾ

ವ್ಯವಹಾರಕ್ಕೆಂದು ಕೊಂಡ ಕ್ಯಾಮೆರಾ ಯಂತ್ರೋಪಕರಣಗಳ ಗುಂಪಿಗೆ ಸೇರುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ ಉಳಿದ ಮೌಲ್ಯದ ಮೇಲೆ ವರ್ಷಕ್ಕೆ ಶೇ. 15ರಂತೆ ಸವಕಳಿ ಕಳೆಯಲಾಗುತ್ತದೆ. ಉದಾಹರಣೆಗೆ 40,000 ರೂಪಾಯಿಯ ಕ್ಯಾಮೆರಾದ ಪುಸ್ತಕ ಮೌಲ್ಯ ಐದು ವರ್ಷಗಳ ನಂತರ ಸುಮಾರು 17,750 ರೂಪಾಯಿ, ಹತ್ತು ವರ್ಷಗಳ ನಂತರ ಸುಮಾರು 7,900 ರೂಪಾಯಿ ಆಗಿರುತ್ತದೆ. ಬೂಷ್ಟು ಹಿಡಿದ ಸಾಮಗ್ರಿಗೆ ಪೇಟೆಯಲ್ಲಿ ಈ ಬೆಲೆಯೂ ಬಾರದು. ಒಣದಾಗಿ ಕಾಯ್ದ ಸಾಮಗ್ರಿ ಪುಸ್ತಕ ಮೌಲ್ಯ ಇಳಿದ ಮೇಲೂ ದುಡಿಯುತ್ತಲೇ ಇರುತ್ತದೆ.

ಡಿಜಿಟಲ್ ಕ್ಯಾಮೆರಾಗಳ ಮೇಲಿನ ಜಿಎಸ್‌ಟಿಯನ್ನು 2019ರ ಜನವರಿ 1ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಯಿತು. ಬಳಸಿದ ಸಾಮಗ್ರಿಯ ವ್ಯಾಪಾರ ಮಾಡುವ ನೋಂದಾಯಿತ ವ್ಯಾಪಾರಸ್ಥರು, ಖರೀದಿಯ ಮೇಲೆ ಹೂಡುವಳಿ ತೆರಿಗೆಯ ಜಮೆ ಪಡೆಯದಿದ್ದಲ್ಲಿ, ಮಾರಾಟ ಮತ್ತು ಖರೀದಿ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟುವ ಅವಕಾಶ ನಿಯಮಗಳಲ್ಲಿದೆ. ಸ್ವಂತ ಬಳಕೆಯ ಕ್ಯಾಮೆರಾವನ್ನು ಮಾರುವ ಸಂಸ್ಥೆಗಳು ಮೊದಲು ತಮ್ಮ ಲೆಕ್ಕಪರಿಶೋಧಕರನ್ನು ವಿಚಾರಿಸುವುದು ಸೂಕ್ತ.

ದುರಸ್ತಿಯ ನಿರ್ಧಾರಕ್ಕೆ ಒಂದು ಸರಳ ಸೂತ್ರವಿದೆ. ದುರಸ್ತಿಯ ಖರ್ಚು ಅದೇ ಮಾದರಿಯ ಸುಸ್ಥಿತಿಯಲ್ಲಿರುವ ಬಳಸಿದ ಕ್ಯಾಮೆರಾದ ಬೆಲೆಯ ಅರ್ಧವನ್ನು ಮೀರಿದರೆ ದುರಸ್ತಿಯನ್ನು ಕೈಬಿಟ್ಟು ಇನ್ನೊಂದನ್ನು ಕೊಳ್ಳುವುದೇ ಮೇಲು. ಕೆಟ್ಟ ಕ್ಯಾಮೆರಾದ ಬ್ಯಾಟರಿ, ಚಾರ್ಜರ್, ಲೆನ್ಸುಗಳು ಹೊಸದಕ್ಕೆ ಬಿಡಿಭಾಗಗಳಾಗುತ್ತವೆ.

ಯಾವಾಗ ಕೈಬಿಡಬೇಕು?

ಬ್ಯಾಟರಿ ಸಿಗದಾದಾಗ, ಕಾರ್ಡ್ ದೋಷ ಮರುಕಳಿಸಿದಾಗ, ಶಟರ್ ತಪ್ಪತೊಡಗಿದಾಗ ಆ ಕ್ಯಾಮೆರಾವನ್ನು ಗಿರಾಕಿಯ ಕೆಲಸದಿಂದ ನಿವೃತ್ತಿಗೊಳಿಸಬೇಕು. ಅದಕ್ಕೂ ಮೊದಲೇ ಕೆಲಸವನ್ನು ವಿಂಗಡಿಸುವುದು ಜಾಣತನ: ಮತ್ತೆ ತೆಗೆಯಬಹುದಾದ ಚಿತ್ರಕ್ಕೆ ಹಳೆಯ ಕ್ಯಾಮೆರಾ ಒಂದೇ ಸಾಕು, ಮತ್ತೆ ತೆಗೆಯಲಾಗದ ಚಿತ್ರಕ್ಕೆ ಅದರ ಜೊತೆಗೆ ಇನ್ನೊಂದು ಇರಲೇಬೇಕು. ಡಬ್ಬಿಯ ಮೇಲಿನ ಕರದಂಟಿನ ಚಿತ್ರ ಸರಿ ಬಾರದಿದ್ದರೆ ಮರುದಿನ ತೆಗೆಯಬಹುದು. ಬೇಸಿಗೆಯಲ್ಲಿ ಹಿಡಕಲ್ ಜಲಾಶಯದ ನೀರು ಇಳಿದಾಗ ಹೊರಗೆ ಕಾಣುವ ಹುನ್ನೂರಿನ ವಿಠ್ಠಲ ದೇವಾಲಯದ ಚಿತ್ರ ತಪ್ಪಿದರೆ ಮುಂದಿನ ಬೇಸಿಗೆಯವರೆಗೆ ಕಾಯಬೇಕು. ಮದುವೆಯ ಚಿತ್ರ ತಪ್ಪಿದರೆ ಕಾಯುವ ಮಾತೇ ಇಲ್ಲ.

ಪ್ರತಿ ಕ್ಯಾಮೆರಾಕ್ಕೂ ಒಂದು ಚಿಕ್ಕ ವಹಿ ಇಟ್ಟು ಖರೀದಿ ದಿನಾಂಕ, ಕ್ರಮಸಂಖ್ಯೆ, ಶಟರ್ ಸಂಖ್ಯೆ, ಬ್ಯಾಟರಿ ಬದಲಿಸಿದ ತಿಂಗಳು ಮತ್ತು ದುರಸ್ತಿಯ ಖರ್ಚು ಬರೆದಿಡುವುದು ಉತ್ತಮ. ತಕ್ಕಡಿ, ಹೊಲಿಗೆ ಯಂತ್ರ, ಪಂಪ್‌ಸೆಟ್ಟುಗಳನ್ನು ವರ್ಷಾನುಗಟ್ಟಲೆ ದುಡಿಸಿಕೊಳ್ಳುವ ರೂಢಿ ನಮ್ಮ ವ್ಯಾಪಾರಸ್ಥರಿಗೆ ಹೊಸದಲ್ಲ. ಅದೇ ಕಾಳಜಿಯನ್ನು ಕ್ಯಾಮೆರಾಕ್ಕೂ ತೋರಿದರೆ, ಈ ಮಳೆಗಾಲಕ್ಕೆ ಮುಂಚೆ ಕೊಂಡ ಒಂದು ಬಿಗಿಮುಚ್ಚಳದ ಡಬ್ಬಿ ಮತ್ತು ಹಿಡಿಯಷ್ಟು ಸಿಲಿಕಾ ಜೆಲ್ ಹಲವು ಸಾವಿರ ರೂಪಾಯಿಗಳ ಬಂಡವಾಳವನ್ನು ಉಳಿಸಿಕೊಡಬಲ್ಲವು.